ಲುವಾನ್ ಪಟ್ಟಿಯಲ್ಲಿ ಕೆಂಪು ಉಳಿಯುವುದಿಲ್ಲ

ಏಪ್ರಿಲ್ ಹದಿನಾರು, ಬೆಳಗಿನ ಐದು ಗಂಟೆ. ಸ್ಟೀವನ್ಸ್ ಪಾಯಿಂಟ್ ಊರಿನ ರಸ್ತೆ ಬದಿಯಲ್ಲಿ ಹಿಮ ಇನ್ನೂ ಪೂರ್ತಿ ಕರಗಿಲ್ಲ. ಲುವಾನ್ ಜಿಂಡಾ ಕಚೇರಿಯ ಹಿಂಬಾಗಿಲ ಬೀಗ ತೆಗೆದು, ಬೂಟು ಕಳಚಿ, ಉಣ್ಣೆಯ ಚಪ್ಪಲಿ ಮೆಟ್ಟಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕೋಟು ಬಿಚ್ಚುವಷ್ಟೂ ತಾಳ್ಮೆ ಇಲ್ಲ. ನಿನ್ನೆ ತೆರಿಗೆ ರಿಟರ್ನ್ ಸಲ್ಲಿಸಲು ಕಡೇ ದಿನ. ಈ ಆಡಿಟರ್ ಕಚೇರಿಯಿಂದ ಇನ್ನೂರ ಹನ್ನೊಂದು ಕಂಪನಿಗಳ ರಿಟರ್ನ್ ಹೋಗಿದೆ. ಪರದೆಯ ಮೇಲೆ ಹಸಿರು ಸಾಲು ಎಂದರೆ ಸ್ವೀಕೃತ, ಕೆಂಪು ಎಂದರೆ ತಿರಸ್ಕೃತ, ಕೆಲವೇ ದಿನಗಳಲ್ಲಿ ತಿದ್ದಿ ಮತ್ತೆ ಕಳಿಸಬೇಕು. ಇವತ್ತು ಕೆಂಪು ಒಂಬತ್ತು.

“ಪರವಾಗಿಲ್ಲ, ಹೋದ್ವರ್ಷ ಹದಿನಾಲ್ಕಿತ್ತು” ಎಂದು ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನಮಗೆ ಹೇಳುತ್ತಾ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.

ಪ್ರತಿ ಕಂಪನಿಯ ರಿಟರ್ನೂ ಇಲ್ಲಿಂದ ಜೋಡಿಯಾಗಿ ಹೊರಡುತ್ತದೆ. ಒಂದು ವಾಷಿಂಗ್ಟನ್‌ಗೆ, ಕೇಂದ್ರ ಸರ್ಕಾರಕ್ಕೆ; ಇನ್ನೊಂದು ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ. ಜೊತೆಗೆ ಹೊರಟರೂ ಉತ್ತರ ಬೇರೆ ಬೇರೆ ಬರುತ್ತದೆ. ಕೇಂದ್ರದ ಹಸಿರು ಕಂಡ ತಕ್ಷಣ ಪದವಿ ಪಡೆದ ಆಡಿಟರುಗಳೂ ಕೆಲಸ ಮುಗಿಯಿತೆಂದು ಕೋಟು ಹಾಕಿಕೊಳ್ಳುತ್ತಾರೆ.

“ವಾಷಿಂಗ್ಟನ್ ಹೂಂ ಅಂದ್ರೆ ಮ್ಯಾಡಿಸನ್ನೂ ಹೂಂ ಅಂದ್ಬಿಡುತ್ತೆ ಅನ್ಕೊಂಡಿರ್ತಾರೆ. ಮ್ಯಾಡಿಸನ್ ಬೇರೆ ಮನೆ ಕಣ್ರೀ, ಅದರ ಕಟ್ಟುಪಾಡೇ ಬೇರೆ” ಎಂದು ಲುವಾನ್ ಗೊಣಗುತ್ತಾರೆ.

ವಯಸ್ಸು ಅರವತ್ತೊಂದು. ಅಪ್ಪ ಕಾಗದದ ಗಿರಣಿಯಲ್ಲಿದ್ದವರು. ಇಪ್ಪತ್ತಾರು ವರ್ಷದ ಹಿಂದೆ ಲುವಾನ್ ಇಲ್ಲಿಗೆ ಲಕೋಟೆ ಒಡೆದು ಮೊಹರು ಒತ್ತುವ ಕೆಲಸಕ್ಕೆ ಸೇರಿದರು. ಕಾಗದ ಹೋಗಿ ಕಂಪ್ಯೂಟರಿನಲ್ಲೇ ಸಲ್ಲಿಸಬೇಕು ಎಂದಾದಾಗ ಆಡಿಟರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಇವರು ಕೈಪಿಡಿಯನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಚಳಿಗಾಲವಿಡೀ ಓದಿ ಕಲಿತರು. ಗಂಡನಿಗೆ ಹೃದಯದ ಆಪರೇಷನ್ ಆದ ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನೂರೈವತ್ತು ರಿಟರ್ನ್ ಕಳಿಸಿದರು. ಇಷ್ಟಾದರೂ ಯಾವ ರಿಟರ್ನಿನ ಮೇಲೂ ಇವರ ಹೆಸರಿಲ್ಲ. ಅಲ್ಲಿರುವುದು ಸಿದ್ಧಪಡಿಸಿದ ಆಡಿಟರ್ ಹೆಸರು.

ಆ ಆಡಿಟರುಗಳಲ್ಲಿ ಒಬ್ಬಳು ಹೈಡಿ ಬೊರ್ಕಾರ್ಟ್. ವಯಸ್ಸು ಮೂವತ್ತೆಂಟು, ನಗುಮುಖ, ಒಳ್ಳೆಯವಳು. ಒಳ್ಳೆಯವಳು ಎಂಬುದೇ ಲುವಾನ್‌ಗೆ ತಡೆಯಲಾಗದ ಉರಿ. ಎಂಟು ಗಂಟೆಗೆ ಹೈಡಿ ಒಳಗೆ ಬಂದಾಗ ಕೈಯಲ್ಲಿ ಬಾದಾಮಿ ತುಂಬಿದ ಕ್ರಿಂಗಲ್ ಎಂಬ ಸಿಹಿತಿಂಡಿಯ ದೊಡ್ಡ ಪೆಟ್ಟಿಗೆ. ಗಿರಾಕಿಯೊಬ್ಬರ ಉಡುಗೊರೆ ಅದು, ಮೇಲೆ ‘ಹೈಡಿಗೆ’ ಎಂಬ ಚೀಟಿ.

“ಲುವಾನ್, ಎಲ್ಲಾ ಹಸಿರಾಯ್ತಾ?”

“ಇನ್ನೆರಡಿದೆ. ಎರಡೂ ನಿಂದೇ.”

“ಅಯ್ಯೋ, ನನ್ನ ಮಾನ ಉಳಿಸಿ! ಬನ್ನಿ, ಮೊದಲ ತುಂಡು ನಿಮಗೇ.”

“ನಂಗ್ಬೇಡ, ಸಕ್ಕರೆ ಕಾಯಿಲೆ.”

ಸಕ್ಕರೆ ಕಾಯಿಲೆ ಇಲ್ಲ. ಹೈಡಿ ತನ್ನ ಕೋಣೆಗೆ ಹೋದ ಮೇಲೆ ಲುವಾನ್ ದನಿ ತಗ್ಗಿಸುತ್ತಾರೆ. “ಜಿಂಕೆ ಮಾಂಸದ ಸಾಸೇಜ್ ಅವಳಿಗೆ, ಚೀಸ್ ಅವಳಿಗೆ. ಶುಕ್ರವಾರ ಮೀನೂಟಕ್ಕೆ ಹೋದ್ರೆ ಅರ್ಧ ಹೋಟೆಲ್ ಎದ್ದು ಅವಳ ಕೈ ಕುಲುಕುತ್ತೆ. ನಾನು ಪಕ್ಕದಲ್ಲೇ ನಿಂತಿರ್ತೀನಿ, ಕೋಟು ನೇತುಹಾಕೋ ಗೂಟದ ಹಾಗೆ. ಹೊಟ್ಟೆಕಿಚ್ಚಾ ಅಂತೀರಾ? ಹೌದು, ಹೊಟ್ಟೆಕಿಚ್ಚೇ. ಇನ್ನೇನಂತ ಹೇಳ್ಲಿ?”

ಆ ಕಿಚ್ಚು ಮೂರು ವರ್ಷದ ಹಿಂದೆ ಒಂದು ಕಂಪನಿಯನ್ನೇ ಸುಡುವುದರಲ್ಲಿತ್ತು. ಕೊಟ್ಟಿಗೆಗಳಿಗೆ ಫ್ಯಾನ್ ಮಾಡುವ ಸ್ಟ್ಯಾನ್ ಡುಲಾಕ್‌ಗೆ ಲಾರಿಗಳ ಕಂಪನಿಯೂ ಇದೆ. ಕೇಂದ್ರಕ್ಕೆ ಬೇರೆ ಬೇರೆಯಾದರೂ ರಾಜ್ಯಕ್ಕೆ ಎರಡಕ್ಕೂ ಸೇರಿಸಿ ಒಂದೇ ರಿಟರ್ನ್. ಅದರಲ್ಲಿ ಪ್ರತಿ ವರ್ಷ ಫ್ಯಾನ್ ಕಂಪನಿಯನ್ನು ಮುಖ್ಯ ಕಂಪನಿ ಎಂದು ತೋರಿಸುತ್ತಿದ್ದರು. ಆ ಸಲ ಹೈಡಿ ಮರೆತು ಲಾರಿ ಕಂಪನಿಯನ್ನು ತೋರಿಸಿದಳು. ಶುಕ್ರವಾರ ಕೇಂದ್ರದಿಂದ ಹಸಿರು ಬಂತು. ಅವಳು ಸ್ಟ್ಯಾನ್‌ಗೆ ಫೋನ್ ಮಾಡಿ ಕೆಲಸ ಮುಗೀತೆಂದು ಹೇಳಿ ಮೀನೂಟಕ್ಕೆ ಹೋದಳು. ಮುಖ್ಯ ಕಂಪನಿಯ ಹೆಸರು ತಾಳೆಯಾಗದೆ ಶನಿವಾರ ನಸುಕಿನಲ್ಲಿ ಬಂದ ರಾಜ್ಯದ ಕೆಂಪು ಸಾಲು ಕಂಡದ್ದು ಲುವಾನ್ ಒಬ್ಬರಿಗೇ. ಬುಧವಾರದೊಳಗೆ ತಿದ್ದಿ ಕಳಿಸದಿದ್ದರೆ ಸ್ಟ್ಯಾನ್‌ಗೆ ದಂಡ, ಹೈಡಿಗೆ ಕೆಟ್ಟ ಹೆಸರು. ಅದೇ ಬುಧವಾರ ಮಧ್ಯಾಹ್ನ ಹೈಡಿಯನ್ನು ಕಚೇರಿಯ ಪಾಲುದಾರಳನ್ನಾಗಿ ಮಾಡಿಕೊಳ್ಳಬೇಕೋ ಬೇಡವೋ ಎಂದು ಹಿರಿಯ ಪಾಲುದಾರರು ತೀರ್ಮಾನಿಸುವವರಿದ್ದರು.

“ಶನಿವಾರ ಬಾಯಿ ಬಿಡ್ಲಿಲ್ಲ. ಭಾನುವಾರ ಚರ್ಚಿಗೆ ಹೋದೆ, ಅಲ್ಲೂ ಬಾಯಿ ಬಿಡ್ಲಿಲ್ಲ. ಸೋಮವಾರ ಅವಳು ‘ಎಲ್ಲಾ ಸರಿ ಇದೆ ತಾನೇ?’ ಅಂದ್ಲು. ‘ಹ್ಞೂಂ’ ಅಂದೆ. ಜೀವನದಲ್ಲಿ ಅಷ್ಟು ಸಲೀಸಾಗಿ ಯಾವತ್ತೂ ಸುಳ್ಳು ಹೇಳಿರ್ಲಿಲ್ಲ.”

ಮಂಗಳವಾರವೂ ಹಾಗೇ ಕಳೆಯಿತು. ಬುಧವಾರ ನಸುಕಿನಲ್ಲಿ ಬಂದು ಕೂತು, ಮುಖ್ಯ ಕಂಪನಿಯ ಜಾಗದಲ್ಲಿ ಫ್ಯಾನ್ ಕಂಪನಿಯ ಹೆಸರು ಹಾಕಿ ಮತ್ತೆ ಕಳಿಸಿದರು. ಏಳಕ್ಕೆ ಸಾಲು ಹಸಿರಾಯಿತು. ಮಧ್ಯಾಹ್ನ ಹಿರಿಯರೆಲ್ಲ ಹೈಡಿಯ ಪರ ಕೈ ಎತ್ತಿದರು. ಸಂಜೆ ಕೇಕ್ ಕೊಯ್ದಾಗ ಚಾಕು ತೊಳೆದಿಟ್ಟವರು ಲುವಾನ್.

ಯಾಕೆ ತಿದ್ದಿದಿರಿ ಎಂದರೆ ಪರದೆಯತ್ತ ಬೆರಳು ತೋರಿಸುತ್ತಾರೆ. “ಅವಳ ಮೇಲಿನ ಪ್ರೀತಿಗಲ್ಲ ಬಿಡಿ. ಆ ಪಟ್ಟಿ ನಂದು. ಅದರಲ್ಲಿ ಕೆಂಪು ಬಿಟ್ಟು ಮನೆಗೆ ಹೋಗಿದ್ದು ಅದೇ ಮೊದ್ಲು.”

ಹೈಡಿಗೆ ಇವತ್ತಿನವರೆಗೂ ಇದು ಗೊತ್ತಿಲ್ಲ. ಈ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯದೆ ಬಿಟ್ಟುಬಿಡೋಣವೇ ಎಂದು ಕೇಳಿದರೆ ಲುವಾನ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಪರದೆಯಲ್ಲಿ ಹೈಡಿಯ ಎರಡು ಕೆಂಪು ಸಾಲುಗಳಲ್ಲಿ ಒಂದು ಆಗಲೇ ಹಸಿರಾಗಿದೆ.

“ಬಿಡ್ಬೇಡಿ, ಬರೀರಿ. ನಾಲ್ಕು ದಿನ ಬಚ್ಚಿಟ್ಟಿದ್ದೂ ಬರೀರಿ, ಬೈಸ್ಕೋತೀನಿ. ಆದ್ರೆ ಅವಳನ್ನ ಪಾಲುದಾರಳು ಮಾಡಿದ್ದು ಯಾರು ಅಂತ ಅವಳಿಗೂ ಒಂದ್ಸಲ ಗೊತ್ತಾಗ್ಲಿ.”