ಗಾಳಿ ಯಾವ ಕಡೆ ಐತಿ

ಬಾಣಂತನಕ್ಕೆಂದು ಲಿಂಗಸುಗೂರಿನಿಂದ ತವರಿಗೆ ಬಂದಾಗ ನಾನು ಹೆದರಿದ್ದು ಅವ್ವನ ಪಥ್ಯಕ್ಕೆ. ಹೆದರಬೇಕಾದದ್ದು ಗಾಳಿಗೆ ಎಂದು ಆಮೇಲೆ ಗೊತ್ತಾಯಿತು. ನಮ್ಮೂರು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ, ಕಾಲುವೆ ನೀರಿನ ಭತ್ತದ ಸೀಮೆಯಲ್ಲಿದೆ. ಒಂದು ಕಡೆ ಅಕ್ಕಿ ಗಿರಣಿ, ಉಳಿದ ಕಡೆಯೆಲ್ಲ ಗದ್ದೆ. ಕೊಯ್ಲು ಮುಗಿದಿತ್ತು. ಮಷೀನು ಕೊಯ್ದು ಬಿಟ್ಟ ಹುಲ್ಲಿಗೆ ದಿನಾ ಯಾರಾದರೂ ಬೆಂಕಿ ಹಚ್ಚುತ್ತಿದ್ದರು. ಗಿರಣಿಯಲ್ಲಿ ಹೊಟ್ಟು ಸುಟ್ಟ ಬೂದಿ ಹಗಲೆಲ್ಲ ಉದುರುತ್ತಿತ್ತು. ಒಣಹಾಕಿದ ಕೂಸಿನ ಕುಂಚಿಗೆ ಝಾಡಿಸಿದರೆ ಕರಿ ಪುಡಿ ಹಾರುತ್ತಿತ್ತು.

ಅವ್ವ ಸುಮ್ಮನೆ ಕೂರುವವಳಲ್ಲ. ಹೊರಗಿನ ಹೊಗೆ ಮೊಮ್ಮಗಳಿಗೆ ತಾಕಬಾರದೆಂದು ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೆ ಸೀರೆಯ ಚಿಂದಿ ತುರುಕಿದಳು. ಆಮೇಲೆ, ಎರೆದುಕೊಂಡು ಬಂದ ನನ್ನ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ತಳ್ಳಿದಳು. ಅದರ ಮೇಲೆ ಲೋಬಾನ ಉದುರಿಸಿ ಕೂಸಿನ ತಲೆಗೂ ಹೊಗೆ ಹಿಡಿದಳು. ಬಾಣಂತಿಗೂ ಕೂಸಿಗೂ ಹೊಗೆ ಕೊಡದ ಮನೆ ನಮ್ಮಲ್ಲಿ ಇಲ್ಲ.

ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸೋತವಳು. ಆದರೆ ಬಾಣಂತಿಯ ಮಾತಿಗೆ ತವರಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಹೇಳಿದರೆ ಅವ್ವ ನನ್ನ ಕಿವಿಗೆ ಅರಳೆ ತುರುಕುತ್ತಾ, "ನಿನ್ನೂ ಹಿಂಗ ಬೆಳೆಸೀನಿ. ಸತ್ತೇನು ನೀ?" ಎಂದಳು.

ಕೂಸಿನ ಉಸಿರಿನ ಮೇಲೇ ನನ್ನ ಜೀವ ಇತ್ತು. ಹೊಟ್ಟೆ ಬೇಗ ಬೇಗ ಏರಿಳಿದರೆ ಭಯ, ನಿಧಾನವಾದರೂ ಭಯ. ಒಂದು ಬೆಳಿಗ್ಗೆ ಎರೆದುಕೊಂಡು ಮಲಗಿದಾಗ ತಲೆ ಗಿರ್ರೆಂದಿತು. ಪಕ್ಕದಲ್ಲಿ ಕೂಸು ಮೊಲೆ ಬಿಟ್ಟು ಸುಯ್ಯೆಂದು ಉಸಿರೆಳೆಯುತ್ತಿತ್ತು. ತುಟಿಯ ಕೆಂಪು ಮಾಸಿತ್ತು. ಅಪ್ಪನನ್ನು ಕೂಗಿದೆ. ಸಿಕ್ಕ ಆಟೋದಲ್ಲಿ ಸಿಂಧನೂರಿಗೆ ಓಡಿದೆವು.

ಮಕ್ಕಳ ಡಾಕ್ಟರು ಕೂಸಿಗೆ ಆಕ್ಸಿಜನ್ ಹಾಕಿಸಿ, ಮನೆಯೊಳಗೆ ಏನೇನು ಉರಿಸುತ್ತೀರಿ ಎಂದು ಕೇಳಿದರು. ಅವ್ವ ಲೋಬಾನದಿಂದ ಸೊಳ್ಳೆಬತ್ತಿಯವರೆಗೆ ಹೆಮ್ಮೆಯಿಂದಲೇ ಒಪ್ಪಿಸಿದಳು. ಹೊರಗಿನ ಹೊಗೆಗೆ ಬಾಗಿಲು ಹಾಕಿ ಒಳಗೆ ನೀವೇ ಹೊಗೆ ಹಾಕಿದ್ದೀರಿ, ಇಷ್ಟು ಎಳೆಯ ಶ್ವಾಸಕೋಶ ತಡೆಯುವುದಿಲ್ಲ ಎಂದರು ಅವರು. ಕೋಣೆಯಲ್ಲಿ ಬೆಂಕಿಯೇ ಬೇಡ, ಕಿಟಕಿ ತೆರೆದಿರಲಿ, ಹುಲ್ಲು ಸುಡುವಾಗ ಮಾತ್ರ ಮುಚ್ಚಿ ಎಂದರು.

ಕೂಸು ಚೇತರಿಸಿಕೊಂಡು ಮನೆಗೆ ಬಂದ ದಿನ ಅವ್ವ ಬಂದವಳೇ ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದಳು. ಚಿಂದಿ ಕಿತ್ತು ಕಿಟಕಿ ತೆರೆದಳು. ಗೆದ್ದವಳು ನಾನೇ, ಆದರೆ ಅವಳ ಮುಖ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಮರುದಿನ ಅಪ್ಪ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಹೊರಟರು. ಎರಡನೇ ಬೆಳೆಗೆ ಕಾಲುವೆ ನೀರು ಬಿಡುವ ಹೊತ್ತಾಗಿತ್ತು, ನಮ್ಮ ಗದ್ದೆಯ ಹುಲ್ಲು ಹಾಗೇ ಇತ್ತು. ನಮ್ಮ ಕಡೆ ಗಾಳಿ ನೋಡದೆ ಯಾರೂ ಹುಲ್ಲಿಗೆ ಬೆಂಕಿ ಇಡುವುದಿಲ್ಲ. ಹೊಗೆ ತಮ್ಮೂರಿನ ಮೇಲೆ ಬಾರದಂತೆ ಹಚ್ಚುವುದೇ ಇಲ್ಲಿ ಮರ್ಯಾದೆ. ಅಪ್ಪ ಅಂಗಳದ ಮಣ್ಣು ಹಿಡಿದು ಮೇಲಕ್ಕೆ ತೂರಿದರು. ಗದ್ದೆಯಾಚೆ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನತ್ತ ಅದು ಹಾರಿತು.

"ಗಾಳಿ ಕ್ಯಾಂಪಿನ ಕಡೆ ಐತಿ. ಕೂಸಿಗೇನೂ ಆಗಂಗಿಲ್ಲ."

ಸದ್ಯ, ಎಂದುಕೊಂಡೆ ನಾನು. ಅವ್ವ ಹೊಸ್ತಿಲಲ್ಲಿ ಕುಂಚಿಗೆ ಮಡಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅಲ್ಲೇನು ಯಾರೂ ಹಡದಿಲ್ಲೇನ್ರಿ?"

ಅಪ್ಪ ಕಡ್ಡಿಪೆಟ್ಟಿಗೆ ಜೇಬಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರು. ಹುಲ್ಲನ್ನು ಏನು ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಸಂಜೆ ಗಾಳಿ ನಮ್ಮ ಕಡೆ ತಿರುಗಿತು. ಕ್ಯಾಂಪಿನ ಗದ್ದೆಗಳಿಂದ ಹೊಗೆ ಎದ್ದಿತು. ಅಲ್ಲೂ ಯಾರೋ ಮಣ್ಣು ತೂರಿ ನೋಡಿರಬೇಕು. ಕೂಸನ್ನು ಎದೆಗೆ ಒತ್ತಿಕೊಂಡು ಹೋಗಿ ಕಿಟಕಿ ಮುಚ್ಚಿದೆ.