ಹೊಟ್ಟಿನ ಕೋಣೆಯ ಮರಿಗಳು

ತಾಂಬಾದ ಗುರವ್ವ ಸುಳ್ಳು ಹೇಳುವ ಹೆಂಗಸಲ್ಲ ಎಂದು ಓಣಿಯೆಲ್ಲ ಹೇಳುತ್ತಿತ್ತು. ಓಣಿಯ ಮಾತನ್ನು ಅರ್ಧವೇ ನಂಬಬೇಕು. ಎಪ್ಪತ್ತಾರನೆಯ ಇಸವಿಯ ಚಳಿಗಾಲದಲ್ಲಿ ಆಕೆ ದಿನ ಬೆಳಗಾದರೆ ಸುಳ್ಳು ಹೇಳುತ್ತಿದ್ದಳು. ಅದೂ ಸ್ವಂತ ಅತ್ತೆಗೆ, ಅದೂ ಆರು ಕೋಳಿಮರಿಗಳ ಸಲುವಾಗಿ.

ಗುರವ್ವನದು ಲಿಂಗವಂತರ ಮನೆ. ಕೋಳಿ ಸಾಕುವುದಿರಲಿ, ಆ ಹೊಸ್ತಿಲೊಳಗೆ ಮೊಟ್ಟೆಯ ಹೆಸರು ಕೂಡ ಬಂದದ್ದಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಗ ಬಿಜಾಪುರದಲ್ಲಿ ಓದುತ್ತಿದ್ದ. ಅಷ್ಟು ದೊಡ್ಡ ಮಾಳಿಗೆ ಮನೆಯಲ್ಲಿ ಅತ್ತೆ ಚನ್ನವ್ವ, ಸೊಸೆ ಗುರವ್ವ ಇಬ್ಬರೇ. ಚನ್ನವ್ವ ಮಹಾ ಮಡಿಯ ಮುದುಕಿ. ನೀರಿನ ಕೊಡದ ಹತ್ತಿರ ಬೆಕ್ಕು ಸುಳಿದರೂ ಕೊಡ ತಿಕ್ಕಿಸಿ ಹೊಸ ನೀರು ತರಿಸುವಳು. ಹಾಗೆಂದು ಕೆಟ್ಟವಳಲ್ಲ. ಒಳ್ಳೆಯವಳು ಎಂದು ಗುರವ್ವನ ಎದುರಿಗೆ ಯಾರಾದರೂ ಅಂದಿದ್ದರೆ ಮಾತ್ರ ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಮರಿಗಳು ಕುರಿಗಾರರ ಚಂದವ್ವನವು. ದೀಪಾವಳಿ ಮುಗಿದೊಡನೆ ಚಂದವ್ವನ ಮಂದಿ ಕುರಿ ಹೊಡೆದುಕೊಂಡು ಬಸವನ ಬಾಗೇವಾಡಿ ದಾಟಿ, ಮುದ್ದೇಬಿಹಾಳದ ಕಡೆಯ ಹೊಳೆಸಾಲಿಗೆ ಹೋಗುವರು. ಮುಂಗಾರಿನ ಮೋಡ ಕಾಣುವ ತನಕ ಹೊಲದಿಂದ ಹೊಲಕ್ಕೆ ಬಿಡಾರ. ಆ ವರ್ಷ ಹೊರಡುವ ಹೊತ್ತಿಗೇ ತಾಯಿಕೋಳಿಯನ್ನು ನಾಯಿ ಹಿಡಿಯಿತು, ಮರಿಗಳು ತಬ್ಬಲಿಯಾದವು. ದೊಡ್ಡ ಕೋಳಿಯಾದರೆ ಕುದುರೆಯ ಮೇಲಿನ ಬುಟ್ಟಿಯಲ್ಲಿ ಒಯ್ಯಬಹುದು, ಅಷ್ಟು ಎಳೆಯ ಮರಿ ದಾರಿಯಲ್ಲಿ ಉಳಿಯುವುದಿಲ್ಲ.

“ಅಕ್ಕಾ, ನಮ್ಮ ಮಂದಿ ಎಲ್ಲಾ ಕೂಡೇ ಹೊಂಟೇವಿ. ಬಿಟ್ಟು ಹೋಗಾಕ ಯಾರೂ ಇಲ್ಲ,” ಎಂದಳು ಚಂದವ್ವ, ಹಿತ್ತಲ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತು. “ನಿಮ್ಮ ಮನಿಯಾಗ ಇದು ನಡಿಯೂದಿಲ್ಲ ಅಂತ ಗೊತ್ತೈತಿ. ಆದ್ರೂ ಕೇಳಾಕ ಬಂದೇನಿ.”

ಗುರವ್ವ ಇಲ್ಲ ಎನ್ನಲಾರದೆ ಹೋದಳು. ಮಗ ಹುಟ್ಟಿದಾಗ ಆಕೆ ಬಾಣಂತಿ ಜ್ವರ ಬಂದು ಮಲಗಿದ್ದಳು, ಎದೆಯಲ್ಲಿ ಹನಿ ಹಾಲಿರಲಿಲ್ಲ. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ಆಗ ಚಂದವ್ವನೂ ಹಸಿ ಬಾಣಂತಿ. ಒಂದು ಮಗ್ಗುಲಿಗೆ ತನ್ನ ಕೂಸು, ಇನ್ನೊಂದು ಮಗ್ಗುಲಿಗೆ ಗುರವ್ವನ ಕೂಸು ಹಾಕಿಕೊಂಡು ಎರಡಕ್ಕೂ ಹಾಲು ಕುಡಿಸಿದಳು. ಅಂದಿನಿಂದ ಇಂದಿನವರೆಗೆ ಈ ಮನೆಯ ಬಾಗಿಲಿಗೆ ಬಂದು ಒಂದು ಹಿಡಿ ಉಪ್ಪನ್ನೂ ಕೇಳಿದವಳಲ್ಲ. ಈಗ ಮೊದಲ ಸಲ ಕೇಳಿದ್ದಳು. ಗುರವ್ವ ಬುಟ್ಟಿ ಇಸಿದುಕೊಂಡಳು.

ಹಿತ್ತಲಿನಲ್ಲಿ ದನಗಳ ಹೊಟ್ಟು ತುಂಬುವ ಕೋಣೆಯೊಂದಿತ್ತು. ಕಿಟಕಿಯಿಲ್ಲ, ಬೆಳಕಿಂಡಿಯಿಲ್ಲ, ಬಾಗಿಲು ಹಾಕಿದರೆ ಹಗಲೂ ಕತ್ತಲು. ಮರಿಗಳಿಗೆ ಬೆಚ್ಚಗೆ, ಬೆಕ್ಕಿನ ಕಾಟವಿಲ್ಲ, ಓಣಿಯವರ ಕಣ್ಣಿಲ್ಲ ಎಂದು ಗುರವ್ವ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು. ಅಲ್ಲಿ ಚೇಳು ಕಂಡಿದೆ, ಆ ಕಡೆ ಹೋಗಬೇಡಿ ಎಂದು ಅತ್ತೆಗೆ ಹೇಳಿದ್ದು ಮೊದಲನೆಯ ಸುಳ್ಳು. ಚಿಂವ್ ಚಿಂವ್ ದನಿ ಕೇಳಿ ಮುದುಕಿ ತಲೆಯೆತ್ತಿದಾಗ, “ಗುಬ್ಬಿ ಗೂಡು ಕಟ್ಟ್ಯಾವ್ರಿ ಅತ್ತೀ,” ಎಂದದ್ದು ಎರಡನೆಯದು. ಆಮೇಲಿನವು ತಾವಾಗಿಯೇ ಹುಟ್ಟತೊಡಗಿದವು.

ಸೆರಗಿನಲ್ಲಿ ಜೋಳದ ನುಚ್ಚು ಕಟ್ಟಿಕೊಂಡು ಹೋದರೆ ಮರಿಗಳು ಕತ್ತಲಲ್ಲೇ ಕಾಲಿಗೆ ತೊಡರುತ್ತಿದ್ದವು. ಬೆರಳಿಗೆ ಕುಕ್ಕುತ್ತಿದ್ದವು. ಬರಬರುತ್ತ ಆಕೆ ನುಚ್ಚು ಹಾಕಿದ ಮೇಲೂ ಅಲ್ಲೇ ಕೂತಿರುತ್ತಿದ್ದಳು. ಮಗ ಓದಲು ಹೋದ ಮೇಲೆ ಆ ಮನೆಯಲ್ಲಿ ತನ್ನ ಹೆಜ್ಜೆಯ ಸಪ್ಪಳಕ್ಕೆ ಓಡಿಬರುವ ಜೀವ ಇವೇ ಆಗಿದ್ದವು.

ಮರಿಗಳಿಗೆ ಪುಕ್ಕ ಮೂಡಿ ಕೋಳಿಯ ರೂಪ ಬರುತ್ತಿದ್ದಾಗ, ಒಂದು ಬೆಳಿಗ್ಗೆ ಯಾವುದೂ ಓಡಿ ಬರಲಿಲ್ಲ. ನುಚ್ಚು ಚೆಲ್ಲಿದರೆ ಕುತ್ತಿಗೆ ಚಾಚಿದವೇ ಹೊರತು ಎದ್ದು ನಿಲ್ಲಲಿಲ್ಲ. ಮೊಣಕಾಲೂರಿದಂತೆ ಕೂತೇ ಇದ್ದವು, ಎಬ್ಬಿಸಿ ನಿಲ್ಲಿಸಿದರೆ ಎರಡು ಹೆಜ್ಜೆ ಹೋಗಿ ಕುಸಿಯುತ್ತಿದ್ದವು. ನಿನ್ನೆ ತುಸು ತೂರಾಡಿದ್ದನ್ನು ಕಂಡಿದ್ದಳು, ಹೊಟ್ಟಿನ ಮೇಲೆ ಕಾಲು ಜಾರಿರಬೇಕು ಎಂದುಕೊಂಡಿದ್ದಳು. ಅರಿಸಿನ ಎಣ್ಣೆ ಕಾಯಿಸಿ ಕಾಲಿಗೆ ತೀಡಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎರಡನೆಯ ದಿನ ಒಂದು ಮರಿ ನೀರಿನ ಬೋಗುಣಿಗೂ ತೆವಳಲಾರದೆ ಸತ್ತಿತು. ಗುರವ್ವ ಅದನ್ನು ಹಿತ್ತಲಲ್ಲಿ ಹುಗಿದಳು. ಚಂದವ್ವ ಬಂದು ಕೇಳಿದರೆ ಏನೆಂದು ಬಾಯಿ ತೆರೆಯಲಿ?

ಉಳಿದವುಗಳಲ್ಲಿ ಒಂದನ್ನು ಉಡಿಯಲ್ಲಿ ಕಟ್ಟಿಕೊಂಡು, ಇಂಡಿಯಲ್ಲಿ ಚಿಕ್ಕಮ್ಮನನ್ನು ನೋಡಿ ಬರುತ್ತೇನೆಂದು ಇನ್ನೊಂದು ಸುಳ್ಳು ಪೋಣಿಸಿ, ಬಸ್ಸು ಹತ್ತಿದಳು. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಮರಿ ಕೂಗುತ್ತಿತ್ತು, ಮರಿ ಕೂಗಿದಾಗಲೆಲ್ಲ ಗುರವ್ವ ಕೆಮ್ಮುತ್ತಿದ್ದಳು. ಪಕ್ಕದ ಹೆಂಗಸು ಕನಿಕರದಿಂದ, “ಎದಿಗೆ ಕಫ ಕಟ್ಟೇತಿ ಕಾಣ್ತದ, ಶುಂಠಿ ಕಷಾಯ ಕುಡೀರಿ ಅಕ್ಕಾರ,” ಎಂದಳು.

ದನಗಳ ದವಾಖಾನೆಯಲ್ಲಿ ಎತ್ತು ಎಮ್ಮೆಗಳ ಸಾಲಿನ ಕೊನೆಗೆ ನಿಂತು ಆಕೆ ಉಡಿ ಬಿಚ್ಚಿದಾಗ ಸುತ್ತಲಿನ ಗಂಡಸರು ನಕ್ಕರು. ಅಮೀನುದ್ದೀನ ಡಾಕ್ಟರು ನಗಲಿಲ್ಲ. ಮರಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಅದು ಕುಸಿದದ್ದನ್ನು ನೋಡಿ ಕೇಳಿದರು:

“ಎಲ್ಲಿ ಇಡ್ತೀರಿ ಅವ್ವಾ ಇವನ್ನ?”

ಕತ್ತಲ ಕೋಣೆಯಲ್ಲಿ ಎಂದರೆ ಯಾಕೆ ಎನ್ನುವರು. ಯಾಕೆ ಎಂದರೆ ಅತ್ತೆಯ ಹೆಸರು ಬರಬೇಕು, ಮನೆಯ ಮಾತು ಇಷ್ಟು ಗಂಡಸರ ಎದುರಿಗೆ ಹರಾಜಾಗಬೇಕು. ಅಷ್ಟು ದಿನದ ರೂಢಿ ಬೇರೆ, ನಾಲಿಗೆ ತಾನೇ ಹೊರಳಿತು.

“ಅಂಗಳದಾಗ್ರಿ ಸಾಹೇಬ್ರ. ದಿನಾ ಬಿಸಿಲಾಗ ಅಡ್ಡಾಡ್ತಾವ್ರಿ.”

ಡಾಕ್ಟರು ತಲೆಯಾಡಿಸಿದರು. “ಹಂಗಿದ್ರ ಇದು ಅಂಟುರೋಗ ಇರಬೇಕು. ನರ ಹಿಡೀತಾವ. ಇದಕ್ಕ ಔಷಧ ಇಲ್ಲವ್ವಾ. ಬಿದ್ದವನ್ನ ಕೊಂದು ದೂರ ಹುಗೀರಿ, ಇಲ್ಲಂದ್ರ ಓಣಿಯ ಕೋಳಿಗೆಲ್ಲಾ ಹಬ್ಬತೈತಿ.”

ಗುರವ್ವ ಮರಿಯನ್ನು ಮತ್ತೆ ಉಡಿಗೆ ಹಾಕಿಕೊಂಡು ಹೊರಗಿನ ಬೇವಿನ ಗಿಡದ ತನಕ ಬಂದಳು. ಉಡಿಯೊಳಗೆ ಮರಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತನ್ನ ಕೂಸು ಹಾಲಿಲ್ಲದೆ ಒಣಗುತ್ತಿದ್ದಾಗ ಚಂದವ್ವ ಮನೆಯ ಮರ್ಯಾದೆಯ ಲೆಕ್ಕ ಹಾಕುತ್ತ ಕೂತಿದ್ದರೆ ಮಗ ಇಂದು ಎಲ್ಲಿರುತ್ತಿದ್ದ? ಆಕೆಗೆ ತನ್ನ ಮೇಲೆಯೇ ಹೇಸಿಕೆ ಬಂತು. ತಿರುಗಿ ಒಳಗೆ ಹೋದಳು.

“ಸಾಹೇಬ್ರ, ನಾ ಸುಳ್ಳ ಹೇಳಿದ್ನಿರಿ. ಇವು ಹೊಟ್ಟಿನ ಕೋಣ್ಯಾಗ ಅದಾವ. ಬಂದಾಗಿಂದ ಬಿಸಿಲು ಕಂಡಿಲ್ಲ. ನಮ್ಮತ್ತಿಗೆ ಗೊತ್ತಾಗಬಾರ್ದು ಅಂತ ಮುಚ್ಚಿಟ್ಟೇನ್ರಿ.”

ಗಂಡಸರು ಈ ಸಲ ನಗಲಿಲ್ಲ. ಡಾಕ್ಟರು ಮರಿಯ ಕೊಕ್ಕನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರು. ಗಟ್ಟಿಯಾಗಿರಬೇಕಾದ ಕೊಕ್ಕು ಹಸಿ ತೊಗಲಿನಂತೆ ಬಾಗಿತು. ಕಾಲಿನ ಎಲುಬು ಸವರಿ ನೋಡಿದರು.

“ಬಿಸಿಲಾಗ ಅಡ್ಡಾಡ್ತಾವ ಅಂದ್ರಿ, ಅದಕ್ಕ ನಾ ಈ ಕಡೆ ಲಕ್ಷ್ಯ ಕೊಡಲಿಲ್ಲ,” ಎಂದರು. “ಅಂಟುರೋಗ ಅಲ್ಲವ್ವಾ ಇದು. ಎಲುಬು ಬಲಿತಿಲ್ಲ, ಅಷ್ಟ. ಬರೇ ನುಚ್ಚು ತಿಂದು ಕತ್ತಲದಾಗ ಬೆಳದ್ರ ಹಿಂಗ ಆಗತೈತಿ. ಮೀನೆಣ್ಣಿ ಕೊಡ್ತೇನಿ, ಹಿಟ್ಟಿನಾಗ ಹನಿ ಹಾಕಿ ತಿನಸ್ರಿ. ಕಪ್ಪಿಚಿಪ್ಪು ಕುಟ್ಟಿ ಪುಡಿ ಮಾಡಿ ಇಡ್ರಿ. ಔಷಧ ನನ್ನ ಕಡೆ ಐತಿ. ಬಿಸಿಲು ಮಾತ್ರ ನಿಮ್ಮ ಅಂಗಳದಾಗ ಐತಿ.”

ಮರಳುವ ಬಸ್ಸಿನಲ್ಲಿ ಮರಿ ಕೂಗಿತು, ಗುರವ್ವ ಕೆಮ್ಮಲಿಲ್ಲ.

ಮರುದಿನ ಚನ್ನವ್ವ ಪೂಜೆ ಮುಗಿಸಿ ಕಟ್ಟೆಗೆ ಬರುವ ಹೊತ್ತಿಗೆ ಅಂಗಳದ ನಡುವೆ ಐದು ಮರಿಗಳು ಬಿಸಿಲಿಗೆ ರೆಕ್ಕೆ ಹರವಿಕೊಂಡು ಬಿದ್ದಿದ್ದವು. ಪಕ್ಕದಲ್ಲಿ ಗುರವ್ವ. ಎದುರುಮನೆಯ ಗುಂಡವ್ವ ಬಾಯಿ ತೆರೆದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಎಂಬುದರಲ್ಲಿ ಅನುಮಾನವಿರಲಿಲ್ಲ.

“ಇವೇನ ನಿನ್ನ ಗುಬ್ಬಿ?” ಎಂದಳು ಮುದುಕಿ.

“ಹೌದ್ರಿ ಅತ್ತೀ. ಚಂದವ್ವನವು. ಇಟಗೋತೇನಿ ಅಂತ ಮಾತು ಕೊಟ್ಟೇನಿ.” ಗುರವ್ವ ಮರಿಗಳ ಮುಂದೆ ಬಂದು ನಿಂತಳು. “ನಿಮ್ಮ ಮೊಮ್ಮಗ ಆಕಿ ಹಾಲು ಕುಡದು ಉಳದಾನ್ರಿ. ಆಕಿ ಏನು ಉಂಡು ಬಂದಾಳ ಅಂತ ಅವತ್ತ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.”

ಚನ್ನವ್ವನ ಮುಖ ಬಿಗಿಯಿತು. “ಇವು ಈ ಮನಿಯಾಗ ಇರೂ ತನಕ ನಿನ್ನ ಕೈಯಾಗಿನ ನೀರು ನಾ ಕುಡಿಯೂದಿಲ್ಲ,” ಎಂದು ಒಳಗೆ ಹೋದಳು.

ಅಂದಂತೆ ನಡೆದಳು. ಬೇರೆ ಒಲೆ ಹೂಡಿದಳು. ಆ ವಯಸ್ಸಿನಲ್ಲಿ ತಾನೇ ಸಣ್ಣ ಕೊಡ ಹೊತ್ತು ಬಾವಿಯಿಂದ ನೀರು ತಂದುಕೊಂಡಳು. ಅದನ್ನು ಗುರವ್ವ ದಿನವೂ ನೋಡಬೇಕಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ರಾತ್ರಿ ಒಂದೇ ಸೂರಿನಡಿ ಎರಡು ಒಲೆ ಉರಿಯುವುದನ್ನು ಆಕೆಗೆ ಸಹಿಸಲಾಗಲಿಲ್ಲ. ಆದರೂ ಬೆಳಗಾದರೆ ಮರಿಗಳನ್ನು ಅಂಗಳಕ್ಕೆ ತಂದಳು, ಮೂಗು ಸಿಂಡರಿಸಿಕೊಂಡೇ ಮೀನೆಣ್ಣೆಯ ಹನಿ ಬೆರೆಸಿ ಹಿಟ್ಟು ತಿನ್ನಿಸಿದಳು. ಶೀಗೇಕಾಯಿ ಹಚ್ಚಿ ತೊಳೆದರೂ ಆ ವಾಸನೆ ಕೈ ಬಿಡುತ್ತಿರಲಿಲ್ಲ.

ಮರಿಗಳು ಮೊದಲು ನಿಂತವು, ಆಮೇಲೆ ತೂರಾಡಿದವು, ಕಡೆಗೆ ಅಂಗಳವೆಲ್ಲ ಕೆದರಿ ಹಾಳುಮಾಡಿದವು. ಒಂದಕ್ಕೆ ಮಾತ್ರ ಕಾಲು ಸೊಟ್ಟಗೆ ಬಲಿತು ಕುಂಟು ಉಳಿಯಿತು. ಚನ್ನವ್ವ ಕಟ್ಟೆಯ ಮೇಲೆ ಅವಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಒಂದು ದಿನ ಹದ್ದು ಇಳಿಯಿತು. ಗುರವ್ವ ಹಿತ್ತಲಿನಿಂದ ಓಡಿ ಬರುವಷ್ಟರಲ್ಲಿ ಮುದುಕಿಯ ಊರುಗೋಲು ಗಾಳಿಯಲ್ಲಿ ಹಾರಿ ಅಂಗಳಕ್ಕೆ ಬಿದ್ದಿತ್ತು, ಹದ್ದು ಏನೂ ಸಿಗದೆ ಮೇಲೇರಿತ್ತು. ಗುರವ್ವ ಕೋಲು ತಂದುಕೊಟ್ಟಳು. ಚನ್ನವ್ವ ಮುಖ ನೋಡದೆ ಇಸಿದುಕೊಂಡಳು. ಆದರೂ ಒಲೆ ಎರಡಾಗಿಯೇ ಉಳಿದವು.

ಮೋಡ ಕಾಣಿಸಿಕೊಂಡವು, ಚಂದವ್ವ ಬಂದಳು. ಗುರವ್ವ ಸತ್ತ ಮರಿಯ ಮಾತನ್ನು ಮೊದಲು ಹೇಳಿದಳು, ಕತ್ತಲಲ್ಲಿ ಇಟ್ಟದ್ದನ್ನೂ ಹೇಳಿದಳು. ಚಂದವ್ವ ಆಕೆಯ ಕೈ ಹಿಡಿದು, “ಇಷ್ಟಾದ್ರೂ ಉಳಿಸೀರಲ್ಲಕ್ಕಾ,” ಎಂದಳು. ಬುಟ್ಟಿಗೆ ಕೋಳಿಗಳನ್ನು ತುಂಬುವಾಗ ಕುಂಟು ಹೆಣ್ಣುಕೋಳಿಯ ಬಳಿ ಆಕೆಯ ಕೈ ನಿಂತಿತು. “ಇದು ನಮ್ಮ ನಾಯಿ ಕೈಯಾಗ ಬಾಳೂದಿಲ್ಲ. ಮನ್ಯಾಗ ಕೊಯ್ಯೂದ ಸೈ.”

ಒಳಗೆ ಅತ್ತೆ ಕಾಯುತ್ತಿದ್ದಾಳೆಂದು ಗುರವ್ವನಿಗೆ ಗೊತ್ತಿತ್ತು. ಕೋಳಿ ಹೋದರೆ ಮನೆಯಲ್ಲಿ ಮತ್ತೆ ಒಂದೇ ಒಲೆ. ಕುಂಟು ಕೋಳಿ ಆಕೆಯ ಪಾದದ ಮೇಲೆ ಬಂದು ಕೂತಿತ್ತು.

“ಅದು ಇಲ್ಲೇ ಇರಲಿ, ಚಂದವ್ವ,” ಎಂದಳು.

ಮರುದಿನ ಮುಂಜಾನೆ ಗುರವ್ವ ಕಸ ಹೊಡೆಯುತ್ತಿದ್ದಾಗ ಚನ್ನವ್ವ ಕಟ್ಟೆಗೆ ಬಂದು ಕೂತಳು. ಈ ಸಲ ಅಂಗಳಕ್ಕೆ ಮುಖ ಮಾಡಿ ಕೂತಿದ್ದಳು.

“ಗುರವ್ವಾ, ಒಂದು ತಂಬಿಗಿ ನೀರು ಕೊಡು.”

ಗುರವ್ವ ಕೈ ತೊಳೆದು ನೀರು ತಂದಳು. ಮುದುಕಿ ಗಟಗಟ ಕುಡಿದು ತಂಬಿಗೆಯನ್ನು ಕೆಳಗಿಟ್ಟಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹೊತ್ತು ಏರೇತಿ,” ಎಂದಳು. “ಆ ಕುಂಟಿನ್ನ ಇನ್ನೂ ಯಾಕ ಒಳಗ ಇಟ್ಟೀದಿ?”