ಕಂಬಳಿ ಕೊಪ್ಪೆಯ ಇಂಗ್ಲಿಷು

ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೂ ನನ್ನ ಈ ಕ್ರಮ ತಪ್ಪಿಲ್ಲ. ಪಕ್ಕದ ಮನೆಯ ಸೊಸೆ ಪಾಠ ಹೇಳಿಕೊಡಿ ಎಂದು ಬಂದಾಗ ನಾನು ಮೊದಲು ಹೇಳಿದ್ದು ಹೊತ್ತನ್ನು.

"ಆರೂವರಿ. ಒಂದು ನಿಮಿಷ ತಡ ಆದ್ರ ಬಾಗ್ಲ ಹಾಕಿರ್ತೈತಿ."

ಅವರದು ಕುರಿ ಸಾಕುವ ಮನೆತನ. ಕಂಬಳಿ ನೇಯುವ ಹೆಂಗಸರ ಸಂಘವೊಂದು ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ ಮಳಿಗೆ ತೆರೆಯುತ್ತಿತ್ತು. ಹಂಪಿಗೆ ಹೋಗುವ ವಿದೇಶಿ ಗಿರಾಕಿಗಳೊಡನೆ ಇಂಗ್ಲಿಷಿನಲ್ಲಿ ಮಾತಾಡುವವಳೊಬ್ಬಳು ಬೇಕಿತ್ತು. ಸಂದರ್ಶನಕ್ಕೆ ಹದಿನೈದು ದಿನ ಉಳಿದಿತ್ತು. ಮೆಟ್ರಿಕ್ ಮುಗಿಸಿ ಹತ್ತು ವರ್ಷ ಒಲೆ, ಹಟ್ಟಿ ನೋಡಿಕೊಂಡವಳಿಗೆ ಆ ಕೆಲಸ ಬೇಕೇ ಬೇಕಿತ್ತು.

ಕನ್ನಡದಲ್ಲಿ ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ರುಮಾಲು ಸುತ್ತುತ್ತೇವೆ, ಹೂವು ಮುಡಿಯುತ್ತೇವೆ. ಇಂಗ್ಲಿಷಿನವರಿಗೆ ಎಲ್ಲವೂ 'ವೇರ್'. ಆದರೆ ಹಾಕಿಕೊಳ್ಳುತ್ತಿರುವಾಗ 'ಪುಟ್ ಆನ್', ಬಿಚ್ಚುವಾಗ 'ಟೇಕ್ ಆಫ್'. ಕೈ ಮಾಡದ ಕೆಲಸವನ್ನು ಬಾಯಿ ಹೇಳಬಾರದೆಂಬುದು ನನ್ನ ತರಗತಿಯ ನಿಯಮ. ಅವಳು ಚಪ್ಪಲಿ ಮೆಟ್ಟುತ್ತ, ಬಿಡುತ್ತ ಮೂರು ದಿನದಲ್ಲಿ ಇಷ್ಟನ್ನು ಕಲಿತಳು.

ನಾಲ್ಕನೆಯ ದಿನ ನನ್ನ ಹಳೆಯ ಟಿಪ್ಪಣಿ ತೆಗೆದೆ. ಕೋಟು, ಟೈ, ಗ್ಲೋವ್ಸ್. ಅವಳು ಅಲ್ಲೇ ನಿಂತುಬಿಟ್ಟಳು.

"ಟೀಚರಮ್ಮ, ಈ ಗ್ಲೋವ್ಸು ನಮ್ಮೂರಾಗ ಯಾರು ಹಾಕ್ಕೊಂತಾರ್ರಿ? ಹಾಕ್ಕೊಳ್ಳದ ಹೆಂಗ ಹೇಳ್ಲಿ?"

ಗದರಲು ಬಾಯಿ ತೆರೆದವಳು ಟಿಪ್ಪಣಿ ಮಡಚಿಟ್ಟೆ. ಅವಳು ಹೇಳಿದ್ದು ನನ್ನದೇ ನಿಯಮ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ, ಅವರು ಕಾಣದ ಟೈಯನ್ನು ಉರು ಹೊಡೆಸಿದ್ದೆನೋ!

"ನಾಳಿ ಕಂಬಳಿ ತಗೊಂಡು ಬಾ" ಎಂದೆ.

ಮರುದಿನ ಮಾವನ ಕರಿ ಕಂಬಳಿ ಬಂತು. ಅದರ ಹಿಂದೆಯೇ ಮಾವನೂ ಬಂದು ಹೊಸ್ತಿಲಾಚೆ ಕೂತ.

"ಏನವ್ವಾ, ನನ್ನ ಕಂಬಳಿಗೂ ಇಂಗ್ಲಿಷ್ ಕಲಿಸ್ತೀರೇನು? ಅದಕ್ಕ ಕುರಿ ಮಾತು ಬಿಟ್ರ ಬ್ಯಾರೆ ತಿಳಿಯಂಗಿಲ್ಲ!"

"ಸುಮ್ನ ಕುಂದ್ರಿ ಮಾವ, ನಿಮಗೂ ಬರತೈತಿ" ಎಂದಳು ಸೊಸೆ.

ಮಳೆಯಲ್ಲಿ ಕುರಿ ಕಾಯುವವರು ಕಂಬಳಿಯ ಒಂದು ತುದಿ ಮಡಿಸಿ, ತಲೆಯ ಮೇಲೆ ಮೊನೆ ಬರುವಂತೆ ಹಾಕಿಕೊಳ್ಳುತ್ತಾರಲ್ಲ, ಆ ಕೊಪ್ಪೆಗೆ ನನ್ನ ನಿಘಂಟಿನಲ್ಲಿ ಪದವಿರಲಿಲ್ಲ. ಕೊಪ್ಪೆ ಕೊಪ್ಪೆಯಾಗಿಯೇ ಇರಲಿ ಎಂದು ತೀರ್ಮಾನಿಸಿ, ಅದನ್ನು ಹಾಕುವ ಒಂದೊಂದು ಹೆಜ್ಜೆಗೂ ಒಂದೊಂದು ವಾಕ್ಯ ಕಟ್ಟಿದೆವು. ಮಾವ ದಿನವೂ ಬಂದು ಕೂತ. ಅವನೂ ತಡಮಾಡಲಿಲ್ಲ.

ಮಾವನ ಕಂಬಳಿ ಹೊತ್ತು ಹೊರಟವಳ ಜೊತೆ ಸಂದರ್ಶನಕ್ಕೆ ನಾನೂ ಹೋದೆ. ಪರೀಕ್ಷಿಸಲು ಬಂದಿದ್ದ ಪೇಟೆಯ ಹೆಂಗಸು ಗಿರಾಕಿಯಂತೆ ನಿಂತು, ಆ ಕಂಬಳಿ ತೋರಿಸಿ, ಇದನ್ನು ಹೇಗೆ ಹಾಕಿಕೊಳ್ಳುವುದೆಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಶಿಷ್ಯೆಯ ತುಟಿ ಒಣಗಿತು. ಹಿಂದಿನ ಬೆಂಚಿನಲ್ಲಿ ನಾನು ಕೊಡೆಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದೆ.

ಆಗ ಅವಳ ಕೈ ಕಂಬಳಿಗೆ ಹೋಯಿತು. ತುದಿ ಮಡಿಸಿತು. ಕೈಯ ಹಿಂದೆ ಬಾಯಿಯೂ ಹೊರಟಿತು: "ಫೋಲ್ಡ್ ದಿಸ್ ಎಂಡ್. ಪುಟ್ ಇಟ್ ಆನ್ ಯುವರ್ ಹೆಡ್." ನೋಡನೋಡುತ್ತ ಕೊಪ್ಪೆ ಪರೀಕ್ಷಕಿಯ ತಲೆಯ ಮೇಲಿತ್ತು. "ನೌ ಯು ಆರ್ ವೇರಿಂಗ್ ಎ ಕೊಪ್ಪೆ, ಮೇಡಂ. ಇಟ್ ಸೂಟ್ಸ್ ಯು!"

ಪರೀಕ್ಷಕಿ ಕನ್ನಡಿ ನೋಡಿದಳು, ನಕ್ಕಳು, ಕೊಪ್ಪೆ ತೆಗೆಯಲೇ ಇಲ್ಲ. ಕೆಲಸ ನಿನ್ನದು ಎಂದಳು. ಜೊತೆಗೆ, ಈ ಕಂಬಳಿ ನನ್ನದು ಎಂದಳು.

ಮನೆಗೆ ಬಂದಾಗ ಮಾವ ಕಟ್ಟೆಯ ಮೇಲೆ ಕಾಯುತ್ತಿದ್ದ.

"ಕೆಲ್ಸ ಸಿಕ್ತೇನವ್ವಾ?"

"ಸಿಕ್ತು ಮಾವ!"

"ಮತ್ತ ನನ್ನ ಕಂಬಳಿ?"

"ಮಾರಿಬಂದೀನಿ. ಹೊಸಾದು ನೇಯಿಸಿ ಕೊಡ್ತೀನಿ."

ಮುದುಕ ತೊಡೆ ತಟ್ಟಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ನೋಡ್ರಪಾ, ನನ್ನ ಸೊಸಿ ಮಾವನ ಕಂಬಳಿನ ಟೇಕ್ ಆಫ್ ಮಾಡ್ಯಾಳ!"

"ಪ್ರಯೋಗ ತಪ್ಪೈತಿ" ಎಂದೆ ನಗು ತಡೆಯುತ್ತ. "ನಾಳಿ ಆರೂವರಿಗೆ ನೀವೂ ಬರ್ರಿ. ಹೊಸ್ತಿಲ ಒಳಗ ಕುಂದ್ರಿ."